ನಮ್ಮ ಮನೆಯ ಹೈಸ್ಕೂಲು

ನಾನು ಹತ್ತನೇ ತರಗತಿಗೆ ಬರುವ ಹೊತ್ತಿಗೆ ಭಾಲ್ಕಿಯ ನಮ್ಮ ಮನೆಯಲ್ಲಿ ನಮ್ಮದೆಂದು ಉಳಿದದ್ದು ಅಡುಗೆಮನೆ ಮತ್ತು ಅದರ ಪಕ್ಕದ ಕತ್ತಲೆ ಕೋಣೆ. ಉಳಿದದ್ದೆಲ್ಲ ಶಾಲೆಯಾಗಿತ್ತು. ಪಡಸಾಲೆಯಲ್ಲಿ ಎಂಟನೇ ತರಗತಿ, ನಡುಮನೆಯಲ್ಲಿ ಒಂಬತ್ತನೇ ತರಗತಿ, ಅಪ್ಪ ಅವ್ವ ಮಲಗುತ್ತಿದ್ದ ಕೋಣೆಯಲ್ಲಿ ಹತ್ತನೇ ತರಗತಿ. ಕೆಂಪು ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನಡುವೆ ಅಂಗಳ. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆ ಸುತ್ತಿ ಕರಿಹಲಗೆಯ ಹಿಂದೆ ತುರುಕಬೇಕು, ಅಂಗಳದಲ್ಲಿ ಒಟ್ಟಿದ್ದ ಬೆಂಚುಗಳನ್ನು ಒಳಗೆ ತರಬೇಕು, ನೆಲಕ್ಕೆ ನೀರು ಚಿಮುಕಿಸಿ ಗುಡಿಸಬೇಕು. ಅಷ್ಟರಲ್ಲಿ ಸುತ್ತಲಿನ ಹಳ್ಳಿಗಳ ಮಕ್ಕಳು ರೊಟ್ಟಿಯ ಗಂಟು ಹಿಡಿದು ಬರಲು ಶುರುಮಾಡುತ್ತಿದ್ದರು. ಬೀಜಗಣಿತದ ಪಾಠ ನಡೆಯುವಾಗ ಒಳಗಿನಿಂದ ಆಯಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಆಯಿ ಎಂದರೆ ನಮ್ಮ ಅಪ್ಪನ ತಾಯಿ. ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಶೇಂಗಾ ಹಿಂಡಿಯ ಡಬ್ಬಿ ಹಿಡಿದು ಅಂಗಳಕ್ಕೆ ಬಂದು, ಒಣ ರೊಟ್ಟಿ ತಂದವರ ಮುಂದೆ ಒಂದೊಂದು ಚಿಟಿಕೆ ಹಾಕುತ್ತ ಹೋಗುತ್ತಿದ್ದಳು. ಯಾರ ರೊಟ್ಟಿ ಒಣದು, ಯಾರದಕ್ಕೆ ಪಲ್ಯ ಇದೆ ಎಂಬುದು ಅವಳಿಗೆ ಗೊತ್ತಿರುತ್ತಿತ್ತು.

ಅಪ್ಪ ಬಿ.ಎಡ್. ಮುಗಿಸಿ ನೌಕರಿ ಸಿಗದೆ ಕೆಲವು ವರ್ಷ ಅಲೆದವರು. ನಮ್ಮ ಓಣಿಯ ಮಕ್ಕಳು, ಅದರಲ್ಲೂ ಹುಡುಗಿಯರು, ಏಳನೇ ತರಗತಿ ಮುಗಿಸಿ ಹೊಲದ ಕೆಲಸಕ್ಕೆ ಹೋಗುವುದನ್ನು ನೋಡಿ ನೋಡಿ ಒಂದು ಜೂನ್ ತಿಂಗಳಲ್ಲಿ ಪಡಸಾಲೆಯಲ್ಲೇ ಎಂಟನೇ ತರಗತಿ ತೆರೆದರು. ಅವರ ಜೊತೆ ನಿಂತವರು ಸಿದ್ರಾಮ ಮಾಸ್ತರರು, ಔರಾದ ಕಡೆಯ ಕುರಿ ಸಾಕುವ ಮನೆತನದವರು, ಗಣಿತ ವಿಜ್ಞಾನ ಎರಡನ್ನೂ ಹೇಳಿಕೊಡುತ್ತಿದ್ದರು. ಆ ಮಕ್ಕಳು ಮೇಲಿನ ತರಗತಿಗೆ ಹೋದಂತೆ ಶಾಲೆಯೂ ಒಂದೊಂದು ಕೋಣೆ ಒಳಗೆ ಬಂತು. ಮಾನ್ಯತೆಗೆ ಅರ್ಜಿ ಹಾಕಿಯಾಗಿತ್ತು, ಬಂದಿರಲಿಲ್ಲ. ಯಾರು ಕೇಳಿದರೂ ಅಪ್ಪ ಒಂದೇ ಮಾತು ಹೇಳುತ್ತಿದ್ದರು, "ಬರ್ತದ್ರಿ." ಅವ್ವ ಮಾತ್ರ ಆ ಮಾತಿಗೆ ತಲೆಯಾಡಿಸುತ್ತಿರಲಿಲ್ಲ. ಅವಳು ಸಾಯಗಾಂವದ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ದಿನಾ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲಿ. ಸರ್ಕಾರದ ಮೊಹರು ಬಿದ್ದ ಶಾಲೆಗೂ ಬೀಳದ ಶಾಲೆಗೂ ಏನು ವ್ಯತ್ಯಾಸ ಎಂಬುದು ಮನೆಯಲ್ಲಿ ಅವಳೊಬ್ಬಳಿಗೇ ಸರಿಯಾಗಿ ತಿಳಿದಿತ್ತು.

ನಾನು ಹತ್ತನೇ ತರಗತಿಯಲ್ಲಿ ಕೂತ ಮೊದಲ ವಾರವೇ ಜಗಳ ಶುರುವಾಯಿತು. ನಮ್ಮದು ಆ ಶಾಲೆಯ ಮೊದಲ ಹತ್ತನೇ ತರಗತಿ. ಪರೀಕ್ಷೆಗೆ ಅರ್ಜಿ ತುಂಬುವುದರೊಳಗೆ ಮಾನ್ಯತೆ ಬರದಿದ್ದರೆ ನಮ್ಮನ್ನು ಶಾಲೆಯ ಮಕ್ಕಳೆಂದು ಬೋರ್ಡು ಒಪ್ಪುವುದಿಲ್ಲ. ಊಟಕ್ಕೆ ಕೂತಾಗ ಅವ್ವ ತಟ್ಟೆಗೆ ಪುಂಡಿಪಲ್ಯ ಬಡಿಸುತ್ತಲೇ ಮಾತು ತೆಗೆದಳು.

"ಸುಜಾತಾಗ ಬ್ಯಾರೆ ಸಾಲಿಗಿ ಹಾಕಮು. ಇನ್ನಾ ಟೈಮ್ ಅದ."

"ನನ್ನ ಮಗಳಿಗೇ ಬ್ಯಾರೆ ಕಡಿ ಹಾಕಿದ್ರ, ಮಂದಿ ಯಾವ ಧೈರ್ಯದ ಮ್ಯಾಲ ತಮ್ಮ ಮಕ್ಕಳಿಗಿ ನನ್ನ ಹಂತೇಕ ಬಿಡ್ತಾರ?" ಎಂದರು ಅಪ್ಪ.

"ಮಂದಿಗಿ ಧೈರ್ಯ ಕೊಡ್ಲಾಕ ನನ್ನ ಮಗಳಿಗಿ ಒತ್ತಿ ಇಡ್ತೀರೇನು?"

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. ಸಿಟ್ಟು ಬಂದಾಗ ಅವರು ಇನ್ನೂ ನಿಧಾನವಾಗಿ ಅಗಿಯುತ್ತಿದ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೂ ಯಾರ ಪರ ನಿಲ್ಲಬೇಕೆಂದು ನನಗೆ ಗೊತ್ತಾಗುತ್ತಿರಲಿಲ್ಲ. ಅಪ್ಪನ ಪಾಠ ನನಗೆ ಇಷ್ಟ, ಅವ್ವನ ಭಯವೂ ನನ್ನೊಳಗೆ ಇಳಿಯುತ್ತಿತ್ತು. ಆ ವರ್ಷ ನಮ್ಮ ಮನೆಯಲ್ಲಿ ತಟ್ಟೆ ಇಡುವ ಸದ್ದಿಗೂ ಒಂದು ಅರ್ಥ ಇರುತ್ತಿತ್ತು.

ಮುಂದಿನ ಭಾನುವಾರ ಅವ್ವ, ಸಂತಪುರದ ಮಾಮನ ಮನೆಗೆ ಹೋಗಿಬರುತ್ತೇವೆ ಎಂದು ಹೇಳಿ ನನ್ನನ್ನು ಕರೆದುಕೊಂಡು ಹೊರಟಳು. ಸಂತಪುರ ಅವಳ ತವರು. ರಾತ್ರಿ ಅಲ್ಲೇ ಉಳಿದು ಸೋಮವಾರ ಬೆಳಗ್ಗೆ ಮಾಮನೊಂದಿಗೆ ಔರಾದಕ್ಕೆ ಹೋದೆವು. ಅಲ್ಲಿನ ಒಂದು ಹೈಸ್ಕೂಲಿನ ಬಾಗಿಲಲ್ಲಿ ನಿಂತಾಗಲೇ ನನಗೆ ವಿಷಯ ತಿಳಿದದ್ದು. ಹೆಡ್ ಮಾಸ್ತರರು ಮಾಮನ ಪರಿಚಯದವರು, ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ನನ್ನನ್ನು ಇಂಗ್ಲಿಷಿನಲ್ಲಿ ಎರಡು ಪ್ರಶ್ನೆ, ಗಣಿತದಲ್ಲಿ ಒಂದು ಪ್ರಶ್ನೆ ಕೇಳಿದರು. ಉತ್ತರ ಕೇಳಿ ಅವರ ಮುಖ ಅರಳಿತು. ಆಮೇಲೆ ಅವ್ವನ ಕಡೆ ತಿರುಗಿ ಟಿ.ಸಿ. ಕೇಳಿದರು. ಅವ್ವ ಅಪ್ಪನ ಶಾಲೆಯ ಹೆಸರು ಹೇಳಿದಳು. ಅವರು ಚಹಾದ ಬಸಿ ಕೆಳಗಿಟ್ಟರು.

"ಆ ಸಾಲಿ ಕೊಟ್ಟ ಟಿ.ಸಿ. ನಡಿಯಂಗಿಲ್ರಿ ಬಾಯರ. ಮಾನ್ಯತಿ ಇಲ್ಲ."

"ಹುಡಿಗಿ ಎರಡು ವರ್ಷ ಓದ್ಯಾಳಲ್ರಿ. ನೀವೇ ಕೇಳಿ ನೋಡಿದ್ರಿ."

"ಓದ್ಯಾಳ, ನಾ ಇಲ್ಲ ಅನ್ನಂಗಿಲ್ಲ. ಸರ್ಕಾರದ ಲೆಕ್ಕದಾಗ ಈಕಿ ಏಳನೇತ್ತಾ ಪಾಸ್, ಅಷ್ಟಾ. ಎಂಟನೇತ್ತಾಕ ಬೇಕಂದ್ರ ಇವತ್ತೇ ತೊಗೋತೇನಿ."

ಅವ್ವ ಎದ್ದು ನಿಂತಳು. ಮಾಮ ಇನ್ನೇನೋ ಹೇಳಲು ಹೋದ, ಅವಳು ಕೇಳಿಸಿಕೊಳ್ಳಲಿಲ್ಲ. ಎರಡು ವರ್ಷ ನಾನು ಬೆಂಚಿನ ಮೇಲೆ ಕೂತದ್ದು, ಸಿದ್ರಾಮ ಮಾಸ್ತರರ ಮುಂದೆ ಪ್ರಮೇಯ ಒಪ್ಪಿಸಿದ್ದು, ಅಪ್ಪ ತಿದ್ದಿದ ಪ್ರಬಂಧಗಳು, ಎಲ್ಲ ಇದ್ದೂ ಇಲ್ಲದಂತಾಗಿ ಹೋಗಿತ್ತು. ಭಾಲ್ಕಿಗೆ ಬರುವ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಒಮ್ಮೆ ಮಾತ್ರ ನನ್ನ ಕೈ ಹಿಡಿದು, "ನಿಂದೇನ್ ತಪ್ಪಿಲ್ಲ," ಎಂದಳು. ಆ ಮಾತು ಕೇಳಿದ ಮೇಲೆಯೇ ನನಗೆ ಅಳು ಬಂದದ್ದು.

ಮುಂದೆ ನಾನೂ ಶಿಕ್ಷಣ ಇಲಾಖೆಗೆ ಸೇರಿದೆ. ಶಾಲೆಗಳನ್ನು ನೋಡಿ, ಅಳೆದು, ವಿಂಗಡಿಸಿ ವರದಿ ಬರೆಯುವುದು ನನ್ನ ಕೆಲಸದ ಭಾಗವಾಯಿತು. ಸರ್ಕಾರಿ, ಅನುದಾನಿತ, ಅನುದಾನರಹಿತ, ರಾಜ್ಯದ ಪಠ್ಯಕ್ರಮ, ಕೇಂದ್ರದ ಪಠ್ಯಕ್ರಮ, ಇತ್ತೀಚೆಗೆ ಅಂತರರಾಷ್ಟ್ರೀಯ. ನಿವೃತ್ತಿಗೆ ಸ್ವಲ್ಪ ಮೊದಲು ಬೀದರದ ಹೊರವಲಯದಲ್ಲಿ ಅಂಥ ಒಂದು ಶಾಲೆಗೆ ಹೋಗಿದ್ದೆ. ಗಾಜಿನ ಬಾಗಿಲು, ಈಜುಕೊಳ, ಪ್ರತಿ ತರಗತಿಗೂ ಗೋಡೆಯಷ್ಟು ದೊಡ್ಡ ಪರದೆ. ಅನುಮತಿ ಇದ್ದದ್ದು ಎಂಟನೇ ತರಗತಿಯವರೆಗೆ, ಒಳಗೆ ಒಂಬತ್ತನೆಯದೂ ನಡೆಯುತ್ತಿತ್ತು. ಕೊನೆಯ ಬೆಂಚಿನ ಹುಡುಗಿಯೊಬ್ಬಳನ್ನು, ನಿಮ್ಮದು ಯಾವ ಬೋರ್ಡು ಎಂದು ಕೇಳಿದೆ. "ಇಂಟರ್‌ನ್ಯಾಷನಲ್ ರಿ," ಎಂದಳು, ಹೆಮ್ಮೆಯಿಂದ. ಟೈ ಕಟ್ಟಿದ್ದ ಆಡಳಿತಾಧಿಕಾರಿ ನನ್ನ ಹಿಂದೆಯೇ ಬಂದು, "ಅಫಿಲಿಯೇಷನ್ ಬರ್ತದ ಮೇಡಂ, ಎಲ್ಲಾ ಪ್ರೊಸೆಸ್‌ನಾಗ ಅದ," ಎಂದ. ನಮ್ಮಪ್ಪನ ಮಾತೇ, ನಮ್ಮಪ್ಪನ ಧಾಟಿಯೇ. ನಾನು ಆ ಹುಡುಗಿಯ ಮುಖ ನೋಡಿದೆ. ಅವಳ ತಾಯಿಗೆ ಈ ವಿಷಯ ಗೊತ್ತಿರಲಿಕ್ಕಿಲ್ಲ ಅನ್ನಿಸಿತು. ಆ ದಿನ ಎಲ್ಲ ಪೋಷಕರನ್ನು ಕರೆಸುವವರೆಗೆ ನಾನು ಅಲ್ಲಿಂದ ಏಳಲಿಲ್ಲ. ಅಧಿಕಾರಿಯಾಗಿ ನಾನು ಗಡಸು ಹೆಂಗಸು ಎಂಬ ಹೆಸರು ಬೀದರದ ಕಚೇರಿಯಲ್ಲಿ ಈಗಲೂ ಇದೆ.

ಔರಾದದಿಂದ ಬಂದ ಸಂಜೆ ಅವ್ವ ಏನನ್ನೂ ಮುಚ್ಚಿಡಲಿಲ್ಲ. ಎಲ್ಲಿಗೆ ಹೋಗಿದ್ದೆವು, ಹೆಡ್ ಮಾಸ್ತರರು ಏನಂದರು, ಎಲ್ಲ ಹೇಳಿದಳು. ಅಪ್ಪ ಕೇಳುತ್ತ ಕೂತರು. ತಮ್ಮ ಬೆನ್ನ ಹಿಂದೆ ಹೋದಳೆಂಬ ಸಿಟ್ಟು ಮುಖದ ಮೇಲೆ ಮೊದಲು ಬಂತು. ಏಳನೇ ತರಗತಿ ಎಂಬ ಮಾತು ಬಂದಾಗ ಅದು ಇಳಿದುಹೋಯಿತು. ಮರುವಾರ ಇಬ್ಬರೂ ಕೂಡಿ ಬೀದರದ ಕಚೇರಿಗೆ ಹೋದರು. ಆಮೇಲೂ ಹಲವು ಸಲ ಹೋದರು. ಕೊನೆಗೆ ದಸರೆ ಕಳೆದ ಮೇಲೆ ತಪಾಸಣೆಗೆ ಒಬ್ಬ ಅಧಿಕಾರಿ ಬರುತ್ತಾರೆಂದು ಗೊತ್ತಾಯಿತು.

ಶಾಲೆಗೆ ಪ್ರಯೋಗಾಲಯ ಇರಲಿಲ್ಲ, ಗ್ರಂಥಾಲಯಕ್ಕೆ ಕೋಣೆ ಇರಲಿಲ್ಲ. ಸಿದ್ರಾಮ ಮಾಸ್ತರರು ಒಂದು ದಾರಿ ಹೇಳಿದರು. ಬೇರೆ ಶಾಲೆಯಲ್ಲಿರುವ ಗೆಳೆಯರಿಂದ ಒಂದು ದಿನದ ಮಟ್ಟಿಗೆ ಗಾಜಿನ ಸಾಮಾನು, ಸೂಕ್ಷ್ಮದರ್ಶಕ, ಪುಸ್ತಕದ ಕಪಾಟು ತರುವುದು, ತಪಾಸಣೆ ಆದ ಮೇಲೆ ವಾಪಸು ಕೊಡುವುದು. ಎಲ್ಲರೂ ಹಾಗೇ ಮಾಡುತ್ತಾರೆ ಎಂದರು. ಅಪ್ಪ ಬೇಡ ಅನ್ನಲಿಲ್ಲ. ಅದನ್ನು ಕೇಳಿ ಅವ್ವ ಒಳಗಿನಿಂದ ಬಂದಳು.

"ಒಂದಿನದ ನಾಟಕ ಬ್ಯಾಡ್ರಿ ಮಾಸ್ತರ್. ಲ್ಯಾಬ್ ಬೇಕಂದ್ರ ನನ್ನ ಅಡಗಿ ಮನಿ ತೊಗೋರಿ."

"ಅಡಗಿ ಎಲ್ಲಿ ಮಾಡ್ತಿ?" ಎಂದು ಕೇಳಿದರು ಅಪ್ಪ.

"ಅಂಗಳದಾಗ ಟೀನ್ ಹಾಕಿಕೊಡ್ರಿ. ಸಾಕು."

ಹಾಗೆ ನಮ್ಮ ಒಲೆ ಹೊರಗೆ, ತಗಡಿನ ಮಾಡಿನ ಕೆಳಗೆ ಬಂತು. ಹೊಗೆ ಹಿಡಿದ ಗೋಡೆಗೆ ಸುಣ್ಣ ಬಳಿದರೂ ಒಗ್ಗರಣೆಯ ವಾಸನೆ ಹೋಗಲಿಲ್ಲ. ಅವ್ವ ಹಿಟ್ಟಿನ ಡಬ್ಬಿಗಳನ್ನಿಡುತ್ತಿದ್ದ ಕಲ್ಲಿನ ಹಲಗೆಯ ಮೇಲೆ ಸಿದ್ರಾಮ ಮಾಸ್ತರರು ಬೀದರದಿಂದ ಕೊಂಡು ತಂದ ಪರೀಕ್ಷಾ ನಳಿಕೆಗಳನ್ನು ಜೋಡಿಸಿದರು. ಆಯಿ ಟೀನಿನ ಕೆಳಗೆ ರೊಟ್ಟಿ ಬಡಿಯುತ್ತ, ಗಾಳಿ ಬಂದಾಗಲೆಲ್ಲ ಒಲೆಗೆ ಬೆನ್ನು ಅಡ್ಡ ಹಿಡಿಯುತ್ತಿದ್ದಳು. ಆ ಗಾಳಿಯಲ್ಲೇ ಅವಳಿಗೆ ಕೆಮ್ಮು ಹತ್ತಿತು, ತಪಾಸಣೆಯ ಹಿಂದಿನ ದಿನ ಜ್ವರವೂ ಬಂತು. ಶಾಲೆಯಲ್ಲಿ ಸಂಸಾರ ಇರುವುದು ಅಧಿಕಾರಿಗೆ ಕಾಣದಿರಲೆಂದು ಬೆಳಗ್ಗೆ ಅಪ್ಪ ಅವಳನ್ನು ಪಕ್ಕದ ಮನೆಗೆ ಕಳಿಸಿದ್ದರು. ಚಳಿ ತಡೆಯಲಾಗದೆ ಅವಳು ಯಾರಿಗೂ ಹೇಳದೆ ಹಿಂದಿನ ಬಾಗಿಲಿನಿಂದ ಬಂದು ಕತ್ತಲೆ ಕೋಣೆಯ ತನ್ನ ಮಂಚದ ಮೇಲೆ ಕೌದಿ ಹೊದ್ದು ಮಲಗಿಬಿಟ್ಟಿದ್ದಳು.

ಅಧಿಕಾರಿ ಮೈಸೂರಿನ ಕಡೆಯವರು, ಕಡಿಮೆ ಮಾತಿನ ಮನುಷ್ಯ. ಪಡಸಾಲೆ ಅಳೆದರು, ನಡುಮನೆ ಅಳೆದರು, ಮಕ್ಕಳಿಂದ ಓದಿಸಿದರು. ನಕ್ಷೆಯಲ್ಲಿ ನದಿ ತೋರಿಸಲು ಹೇಳಿದರು. ಎಲ್ಲರೂ ಚೆನ್ನಾಗಿ ಹೇಳಿದರು. ಅಡುಗೆಮನೆ ಆಗಿದ್ದ ಪ್ರಯೋಗಾಲಯದಲ್ಲಿ ನಾನು ಹುಣಸೆ ನೀರಿಗೆ ಲಿಟ್ಮಸ್ ಕಾಗದ ಅದ್ದಿ ಕೆಂಪಾಗುವುದನ್ನು ತೋರಿಸಿದೆ. ಅವರು ಮೊದಲ ಸಲ ನಕ್ಕರು. ಅಪ್ಪನ ಭುಜ ಸಡಿಲವಾದದ್ದು ನನಗೆ ಕಂಡಿತು. ಅವ್ವ ಆ ದಿನ ರಜೆ ಹಾಕಿ ಟೀನಿನ ಕೆಳಗೆ ಚಹಾ ಕುದಿಸುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಕೆಮ್ಮು ಕೇಳಿಸಿತು.

"ಅಲ್ಲೇನಿದೆ?" ಎಂದರು ಅಧಿಕಾರಿ.

"ಸಾಮಾನಿನ ಖೋಲಿ ಅದರಿ ಸಾಹೇಬ್ರ," ಎಂದರು ಅಪ್ಪ.

ಅವರು ಬಾಗಿಲು ತಳ್ಳಿದರು. ಮಂಚ, ಕೌದಿಯೊಳಗೆ ಆಯಿ, ಗೂಡಿನಲ್ಲಿ ನಾವು ಭಾನುವಾರ ವಂದನೆ ಮಾಡುವ ಬುದ್ಧನ ಮೂರ್ತಿ, ಗೂಟಕ್ಕೆ ಅವ್ವನ ಸೀರೆ.

"ಇವರು ಯಾರು?"

ಅಪ್ಪ ತಡವರಿಸಲಿಲ್ಲ. ಅದೇ ನನಗೆ ಈಗಲೂ ಆಶ್ಚರ್ಯ.

"ಸಾಲಿ ಆಯಾ ಇದ್ದಾಳ್ರಿ. ಕಸ ಹೊಡಿತಾಳ. ಜ್ವರ ಬಂದಾವಂತ ಜರಾ ಮಲಗ್ಯಾಳ."

ಆಯಿ ಎದ್ದು ಕೂತಳು. ಸೆರಗು ತಲೆಯ ಮೇಲೆಳೆದುಕೊಂಡು ಕೈ ಮುಗಿದಳು. "ಹೌದ್ರಿ," ಎಂದಳು. ಮಗನ ಕಡೆ ನೋಡಲಿಲ್ಲ. ಅಧಿಕಾರಿ ಗೂಡಿನ ಕಡೆ, ಗೂಟದ ಕಡೆ ನೋಡಿದರು. ಆಮೇಲೆ ನಳಿಕೆ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದರು.

"ನೀನು ಹೇಳಮ್ಮ. ಇವರು ಯಾರು?"

ಅಪ್ಪ ನನ್ನನ್ನೇ ನೋಡುತ್ತಿದ್ದರು. ಸಿದ್ರಾಮ ಮಾಸ್ತರರು ನೆಲ ನೋಡುತ್ತಿದ್ದರು. ಬಾಗಿಲಾಚೆ ನನ್ನ ತರಗತಿಯ ಹುಡುಗಿಯರೆಲ್ಲ ನಿಂತಿದ್ದರು. ನನಗೆ ಏನು ಹೇಳಬೇಕೆಂದು ಯೋಚಿಸಲು ಸಮಯವಿತ್ತು, ಯೋಚಿಸಿಯೇ ಹೇಳಿದೆ. ಆಯಿ ಕೈ ಮುಗಿದುಕೊಂಡೇ ಕೂತಿದ್ದಳು, ಅದನ್ನು ನನಗೆ ನೋಡಲಾಗಲಿಲ್ಲ.

"ಅಪ್ಪನ ಅವ್ವ ರಿ. ನಾವೆಲ್ಲ ಇಲ್ಲೇ ಇರ್ತೇವಿ."

ಅಧಿಕಾರಿ ಅಪ್ಪನ ಕಡೆ ತಿರುಗಿದರು. "ಪಾಠ ಚೆನ್ನಾಗಿ ನಡೀತಿದೆ ಮಾಸ್ಟ್ರೇ," ಎಂದರು. "ಆದರೆ ಸಂಸಾರ ಇರೋ ಕಟ್ಟಡಕ್ಕೆ ನಾನು ಶಿಫಾರಸು ಬರೆಯೋಕಾಗಲ್ಲ. ಆ ಮಗು ಹೇಳದಿದ್ರೂ ನಂಗೆ ಕಾಣ್ತಿತ್ತು." ಅವ್ವ ತಂದ ಚಹಾ ಕುಡಿಯದೆ ಹೊರಟುಹೋದರು.

ಅವರ ಕೊನೆಯ ಮಾತನ್ನು ಮನೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಬಾಯಿ ಬಿಟ್ಟೆ, ಶಾಲೆ ಹೋಯಿತು, ಅಷ್ಟೇ ಎಲ್ಲರಿಗೂ ಕಂಡದ್ದು. ಅಪ್ಪ ನನ್ನೊಂದಿಗೆ ಮಾತು ಬಿಟ್ಟರು. ತರಗತಿಯಲ್ಲಿ ಪ್ರಶ್ನೆ ಕೇಳುವಾಗ ನನ್ನ ಬೆಂಚನ್ನು ದಾಟಿ ಹೋಗುತ್ತಿದ್ದರು. ಸಂಜೆ ಆಯಿಯ ಹಣೆಗೆ ಒದ್ದೆ ಬಟ್ಟೆ ಹಾಕಲು ಹೋದರೆ ಅವಳೂ ಬೈದಳು.

"ಆಯಾ ಅಂದ್ರ ನನಗೇನ್ ಕಮ್ಮಿ ಆಗ್ತಿತ್ತು ಪೋರಿ? ಸಣ್ಣಾಕಿ ಇದ್ದಾಗಿಂದ ಮಂದಿ ಅಂಗಳ ಕಸ ಹೊಡದೇನಿ. ಒಂದ್ ಮಾತು ನುಂಗಿದ್ರ ಸಾಲಿ ಉಳಿತಿತ್ತು."

ಅವ್ವ ಹೊರಗೆ ಒಲೆಯ ಮುಂದಿನಿಂದಲೇ ಹೇಳಿದಳು, "ಆಕಿಗಿ ಏನೂ ಅನಬ್ಯಾಡ್ರಿ ಅತ್ತಿ. ಖರೆ ಇದ್ದದ್ದು ಹೇಳ್ಯಾಳ." ಇಡೀ ಮನೆಯಲ್ಲಿ ನನ್ನ ಪರವಾಗಿ ಬಂದದ್ದು ಅದೊಂದೇ ಮಾತು.

ಜ್ವರ ಬಿಟ್ಟ ಮೇಲೆ ಒಂದು ದಿನ ಊಟದ ಹೊತ್ತಿಗೆ ಆಯಿ ಅಪ್ಪನನ್ನು ಕೇಳಿದಳು.

"ಮಾಣಿಕ, ಆ ಸಾಹೇಬ ಏನಂದ? ನಾವು ಇರಬಾರದು ಅಂದ. ಸಾಲಿ ಇರಬಾರದು ಅಂದನೇನು?"

"ಇಲ್ಲ."

"ಮತ್ತ ನಾವೇ ಹೋಗಮು. ಮನಿ ನನ್ನ ಹೆಸರಲೇ ಅದ. ಸಾಲಿಗಿ ಬರ್ದು ಕೊಡ್ತೇನಿ."

ಅಪ್ಪ ಒಪ್ಪಲಿಲ್ಲ. ಇನ್ನೊಂದು ಜಾಗ ನೋಡೋಣ, ಇನ್ನೊಂದು ವರ್ಷ ತಡೆಯೋಣ ಎಂದರು. ಆಯಿ ಮರುದಿನದಿಂದಲೇ ತನ್ನ ಪಾತ್ರೆಗಳನ್ನು ಬೇರೆ ಇಡತೊಡಗಿದಳು. ಚಳಿಗಾಲದಲ್ಲಿ ನಾವು ರೈಲು ನಿಲ್ದಾಣದ ಹತ್ತಿರ ಎರಡು ಬಾಡಿಗೆ ಕೋಣೆಗಳಿಗೆ ಹೋದೆವು. ಬುದ್ಧನ ಮೂರ್ತಿಯನ್ನು ಆಯಿ ತಾನೇ ಸೆರಗಿನಲ್ಲಿ ಸುತ್ತಿಕೊಂಡು ನಡೆದಳು. ಕತ್ತಲೆ ಕೋಣೆಗೆ ಕಿಟಕಿ ಕೊರೆಸಿ ಗ್ರಂಥಾಲಯ ಮಾಡಿದರು. ಅದೇ ಅಧಿಕಾರಿ ಮತ್ತೊಮ್ಮೆ ಬಂದು ನೋಡಿ ಶಿಫಾರಸು ಬರೆದರು. ಮಾನ್ಯತೆ ಬಂತು, ಬರುವ ಶೈಕ್ಷಣಿಕ ವರ್ಷದಿಂದ. ನಮ್ಮ ತರಗತಿಗೆ ಅದು ತಾಗಲಿಲ್ಲ.

ನಮ್ಮವರೆಲ್ಲ ಶಾಲೆಯ ಹೆಸರಿಲ್ಲದೆ, ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆ ಬರೆಯಬೇಕಾಯಿತು. ಆ ಮಾತು ತಿಳಿದ ದಿನ ಸಾಯಗಾಂವದ ಶೋಭಾ, ಮೂರು ವರ್ಷ ನನ್ನ ಪಕ್ಕದಲ್ಲಿ ಕೂತವಳು, ತನ್ನ ಪುಸ್ತಕ ಎತ್ತಿಕೊಂಡು ಮುಂದಿನ ಬೆಂಚಿಗೆ ಹೋದಳು. "ನಿನ್ನ ಒಂದು ಮಾತಿಗಿ ನಾವೆಲ್ಲ ಎಕ್ಸ್‌ಟರ್ನಲ್ ಆದ್ವಿ," ಎಂದಳು. ಸಿದ್ರಾಮ ಮಾಸ್ತರರು ಎಲ್ಲರ ಅರ್ಜಿ ಹಿಡಿದು ಬೀದರಕ್ಕೆ ಹೋಗಿಬಂದರು. ನನ್ನದೊಂದು ತಿರುಗಿ ಬಂತು. ಖಾಸಗಿಯಾಗಿ ಬರೆಯುವವರಿಗೆ ಹದಿನೈದು ತುಂಬಿರಬೇಕು, ನನಗೆ ತುಂಬಿರಲಿಲ್ಲ. ಆಯಿಯೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ಮನೆಯಲ್ಲಿ ಬಿಡಲು ಯಾರೂ ಇಲ್ಲದೆ ಅವ್ವ ನನ್ನನ್ನು ಸಾಯಗಾಂವಕ್ಕೆ ಕರೆದೊಯ್ಯುತ್ತಿದ್ದ ಕಾಲದಲ್ಲಿ, ವಯಸ್ಸಾಗುವ ಮೊದಲೇ ಒಂದನೇ ತರಗತಿಗೆ ಹೆಸರು ಹಚ್ಚಿಸಿದ್ದಳು. ಆ ಸುದ್ದಿ ಕೇಳಿ ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಷ್ಟು ದಿನ ಯಾವುದಕ್ಕೂ ಅಳದವಳು ಆ ದಿನ ಅತ್ತಳು. ಶೋಭಾ ಮತ್ತೆ ನನ್ನ ಪಕ್ಕಕ್ಕೆ ಬಂದು ಕೂತಳು. ಅಪ್ಪ ಗೋಡೆಯ ಕಡೆ ನೋಡಿ, "ಮುಂದಿನ ವರ್ಷ ಬರದ್ರ ಆಯ್ತು," ಎಂದರು. ಅದನ್ನು ನನಗೆ ಹೇಳಿದರೋ ಅವ್ವನಿಗೋ ತಿಳಿಯಲಿಲ್ಲ.

ಪರೀಕ್ಷೆಯ ಮೊದಲ ದಿನ ಎಲ್ಲರೂ ಸಿದ್ರಾಮ ಮಾಸ್ತರರೊಂದಿಗೆ ಬೀದರದ ಬಸ್ಸು ಹತ್ತಿದರು. ಅವರನ್ನು ಕಳಿಸಿ ನಾನು ಹಳೆಯ ಮನೆಗೆ ಬಂದೆ. ಕೆಳಗಿನ ತರಗತಿಗಳಿಗೆ ರಜೆ ಇತ್ತು. ಒಲೆ ಇಲ್ಲದ ಅಂಗಳ, ಸದ್ದಿಲ್ಲದ ಕೋಣೆಗಳು. ಎಲ್ಲಿ ಹೋಗಬೇಕೆಂದು ತೋಚದೆ ನನ್ನ ಬೆಂಚಿನಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಅಪ್ಪ ಬಂದರು. ನನ್ನನ್ನು ನೋಡಿ ಬಾಗಿಲಲ್ಲಿ ನಿಂತರು. ಆಮೇಲೆ ಒಳಗೆ ಬಂದು ಎಂದಿನಂತೆ ಸೀಮೆಸುಣ್ಣ ತೆಗೆದುಕೊಂಡು, ಪುಸ್ತಕ ತೆಗಿ ಎಂದರು. ಕರಿಹಲಗೆಯ ಮೇಲೆ ಪಾಠದ ಹೆಸರು ಅರ್ಧ ಬರೆದು, ನನಗೆ ಬೆನ್ನು ಮಾಡಿಕೊಂಡೇ ಕೇಳಿದರು.

"ಅವತ್ತ ನಾ ಆಯಾ ಅಂದಿದ್ದು ನಮ್ಮವ್ವಗ ಕೇಳಿಸಿತ್ತೇನು?"

ಆಯಿ ಅವರ ಕಣ್ಣೆದುರೇ ಕೈ ಮುಗಿದು ಹೌದ್ರಿ ಅಂದಿದ್ದಳು. ಅದು ಅವರಿಗೆ ಗೊತ್ತಿರದ ಮಾತಲ್ಲ. ಇಷ್ಟು ತಿಂಗಳು ಅವರು ಅದನ್ನು ಹೇಗೆ ಹೊತ್ತಿದ್ದರೋ.

"ಕೇಳಿಸಿತ್ತು," ಎಂದೆ.

ಅವರು ಸೀಮೆಸುಣ್ಣ ಕೆಳಗಿಟ್ಟು ಹೊರಗೆ ಹೋದರು. ಪಾಠದ ನಡುವೆ ಅವರು ಎದ್ದು ಹೋದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಬಹಳ ಹೊತ್ತು ಕಾದೆ. ಆಮೇಲೆ ಬಾಗಿಲಿಗೆ ಕೊಂಡಿ ಹಾಕಿ ಬಾಡಿಗೆ ಮನೆಯ ಕಡೆ ನಡೆದೆ. ಅಪ್ಪ ಆಯಿಯ ಮಂಚದ ಕೆಳಗೆ ನೆಲದ ಮೇಲೆ ಕೂತಿದ್ದರು. ಏನು ಹೇಳಿದ್ದರೋ, ಏನೂ ಹೇಳಿರಲಿಲ್ಲವೋ. ಬಾಗಿಲಲ್ಲಿ ನಿಂತ ನನ್ನನ್ನು ನೋಡದೆ, ಆಯಿ ಒಂದು ಕೈಯನ್ನು ಅವರ ತಲೆಯ ಮೇಲಿಟ್ಟುಕೊಂಡು ಗದರಿಸುತ್ತಿದ್ದಳು.

"ಹಗಲ ಹೊತ್ತಿನ್ಯಾಗ ಸಾಲಿ ಬಿಟ್ಟು ಇಲ್ಲಿ ಯಾಕ ಕುಂತಿ? ಪೋರಿ ಅಲ್ಲಿ ಒಬ್ಬಾಕಿ ಅದಾಳ. ಏಳು, ಹೋಗಿ ಕಲಿಸು."